ಬೆರಕೆ ಸೊಪ್ಪಿನ ಲೆಕ್ಕ

ಎರಡು ಹದಮಳೆ ಬಿದ್ದು ರಾಗಿ ಪೈರು ಗೇಣುದ್ದ ಆಗುವ ಹೊತ್ತಿಗೆ ಕೋಲಾರ ಸೀಮೆಯ ಹೊಲಗಳಲ್ಲಿ ಯಾರೂ ಬಿತ್ತದ ಬೆಳೆಯೊಂದು ಎದ್ದಿರುತ್ತದೆ. ಅಣ್ಣೆ, ಗೋಣಿ, ಕೀರೆ, ಹೊನಗೊನ್ನೆ, ಕನ್ನೆ, ಗಣಿಕೆ, ತಗಚೆ. ಬೇಸಾಯದ ಪುಸ್ತಕಗಳಲ್ಲಿ ಇವಕ್ಕೆಲ್ಲ ಕಳೆ ಎಂದೇ ಹೆಸರು. ವರ್ಷವಿಡೀ ನಾನು ಕಾಯುವ ಊಟ ಈ ಕಳೆಯದ್ದೇ.

ಪೇಟೆಯಲ್ಲಿ ದಂಟು, ಪಾಲಕ್, ಮೆಂತ್ಯ ಸೇರಿಸಿ ಕಟ್ಟಿದ ಕಂತೆಯನ್ನೂ ಬೆರಕೆ ಸೊಪ್ಪು ಎಂದು ಮಾರುತ್ತಾರೆ. ನನ್ನ ಮನಸ್ಸು ಒಪ್ಪುವುದಿಲ್ಲ. ಬೆರಕೆಗೆ ಲೆಕ್ಕವಿದೆ. ಕಳೆದ ವಾರ ಹೊಲದ ಬದುವಿನ ಮೇಲೆ ನಿಂತು ಸೊಪ್ಪು ಕೀಳುತ್ತಿದ್ದ ಅಜ್ಜಿಯೊಬ್ಬರ ಮಡಿಲನ್ನೇ ನೋಡುತ್ತಿದ್ದೆ. ಮುಕ್ಕಾಲು ಪಾಲು ಅಣ್ಣೆ, ಕೀರೆ. ಇವು ಸಪ್ಪೆ, ಸಾರು ಮಂದವಾಗುವುದು ಇವುಗಳಿಂದಲೇ. ಹುಳಿಗೆ ಗೋಣಿ. ಲೋಳೆಗೆ ನಾಲ್ಕು ಕನ್ನೆ ಕುಡಿ. ಗಣಿಕೆ ಮಾತ್ರ ಒಂದೇ ಹಿಡಿ. “ಜಾಸ್ತಿ ಹಾಕಿದ್ರೆ ಸಾರೆಲ್ಲ ಕಯ್ಯಿ ಕಣಪ್ಪ.” ಅಣ್ಣೆಯ ತುದಿಯನ್ನು ಎರಡು ಬೆರಳಲ್ಲಿ ಬಗ್ಗಿಸುತ್ತಿದ್ದರು. ಟಪ್ಪನೆ ಮುರಿದರೆ ಮಡಿಲಿಗೆ. ನಾರು ಕಟ್ಟಿ ಬಾಗಿದರೆ ಅಲ್ಲೇ ಬಿಟ್ಟು ಮುಂದಕ್ಕೆ. ನಸುಗೆಂಪು ತೆನೆ ಬಿಟ್ಟ ಗಿಡದತ್ತ ತಿರುಗಿಯೂ ನೋಡಲಿಲ್ಲ.

ಗೋಣಿಯ ಹುಳಿ ಇಡೀ ದಿನ ಒಂದೇ ಸಮ ಇರುವುದಿಲ್ಲ. ನೀರು ಸಾಲದಾದಾಗ ಈ ಗಿಡ ರಾತ್ರಿ ಹೊತ್ತು ಇಂಗಾಲದ ಡೈಆಕ್ಸೈಡ್ ಹೀರಿ, ಅದನ್ನು ಮ್ಯಾಲಿಕ್ ಆಮ್ಲವಾಗಿಸಿ ಎಲೆಯಲ್ಲಿ ಕೂಡಿಡುತ್ತದೆ. ಬಿಸಿಲೇರಿದಂತೆ ಖರ್ಚು ಮಾಡುತ್ತದೆ. ಮಳೆ ಕೈಕೊಟ್ಟ ವಾರದಲ್ಲಿ ಒಂದೇ ಗಿಡದ ಎಲೆಯನ್ನು ಮುಂಜಾನೆಯೂ ಸಂಜೆಯೂ ಅಗಿದು ನೋಡಿದ್ದೇನೆ. ಸಂಜೆಯದು ಬರೀ ನೀರುನೀರು. ಮುಂಜಾನೆಯದಕ್ಕೆ ಹಲ್ಲು ಚುಳ್ಳೆಂದಿತು. ಅಂದಿನ ಸಾರಿಗೆ ಹುಣಸೆ ಅರ್ಧಕ್ಕರ್ಧ ಸಾಕಾಯಿತು.

ತೊಗರಿಬೇಳೆ ಅರೆ ಬೆಂದಾಗ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬೇಯಿಸಿ, ಕಟ್ಟು ಬಸಿದು, ಉಳಿದದ್ದನ್ನು ಮಸೆಯಬೇಕು. ದಯವಿಟ್ಟು ಮಿಕ್ಸಿ ಬೇಡ. ಅದರಲ್ಲಿ ಏಳು ಬಗೆಯ ಎಲೆಯೂ ಒಂದೇ ಹಸಿರು ಗೊಜ್ಜಾಗಿಬಿಡುತ್ತದೆ. ಮರದ ಕಡೆಗೋಲಿನಿಂದ ಮಸೆದು, ಕಟ್ಟು ಬೆರೆಸಿ, ಒಗ್ಗರಣೆ ಕೊಟ್ಟು ಬಿಸಿ ಮುದ್ದೆ ಮುರಿದು ಅದ್ದಿದರೆ ಒಂದು ತುತ್ತಿಗೆ ಹುಳಿ ಸಿಗುತ್ತದೆ, ಇನ್ನೊಂದಕ್ಕೆ ಗಣಿಕೆಯ ಸಣ್ಣ ಕಹಿ.

ಮಡಿಲು ಇನ್ನೂ ತುಂಬಿರಲಿಲ್ಲ. ಆದರೂ ಅಜ್ಜಿ ಬದು ದಾಟಿ ಪಕ್ಕದ ಹೊಲಕ್ಕೆ ಕಾಲಿಡಲಿಲ್ಲ. ಅಲ್ಲಿ ಕಳೆನಾಶಕ ಹೊಡೆದಿದ್ದರು. ಸಾಲಿನಲ್ಲಿ ರಾಗಿ ಒಂದೇ ನಿಂತಿತ್ತು.