ಬೆಣ್ಣೆಯ ಮೇಲೆ ಹಲ್ಲಿನ ಗುರುತು: ಜಾಂಬೋಂ-ಬೆರ್ ರಸಿಕರಿಗೊಂದು ಕೈಪಿಡಿ

ಫ್ರಾನ್ಸಿನ ಜಾಂಬೋಂ-ಬೆರ್ ಸ್ಯಾಂಡ್‌ವಿಚ್ಚನ್ನು ಮೊದಲ ಸಲ ಬಿಡಿಸಿ ನೋಡಿದವರು ಇಷ್ಟೇನಾ ಅನ್ನುತ್ತಾರೆ. ಉದ್ದನೆಯ ಬ್ಯಾಗೆಟ್, ಬೆಣ್ಣೆ, ಬೇಯಿಸಿದ ಹಂದಿಯ ತೊಡೆಮಾಂಸವಾದ ಹ್ಯಾಮ್. ಸಾಸ್ ಇಲ್ಲ, ಸೊಪ್ಪಿಲ್ಲ, ಟೊಮೆಟೊ ಇಲ್ಲ, ಬಿಸಿ ಮಾಡುವುದೂ ಇಲ್ಲ. ಆದರೆ ಆ ದೇಶಕ್ಕೆ ಇದರ ಮೇಲೆ ಎಷ್ಟು ಮಮತೆಯೆಂದರೆ, ಊರೂರಿನ ಜಾಂಬೋಂ-ಬೆರ್ ಬೆಲೆಯನ್ನು ಲೆಕ್ಕ ಹಾಕಿ ಗಿರಾ ಕೊನ್ಸೆಯ್ ಎಂಬ ಸಂಸ್ಥೆ ಸೂಚ್ಯಂಕವನ್ನೇ ಪ್ರಕಟಿಸುತ್ತ ಬಂದಿದೆ. 2017ರಲ್ಲಿ ಮಾರಾಟದಲ್ಲಿ ಬರ್ಗರ್ ಇದನ್ನು ಹಿಂದಿಕ್ಕಿತು ಎಂದು ಅದೇ ಸಂಸ್ಥೆ ಹೇಳಿದಾಗ ದೊಡ್ಡ ಸುದ್ದಿಯಾಯಿತು.

ಹೊಸಬರು ಇದರಲ್ಲಿ ಹ್ಯಾಮನ್ನು ನೋಡುತ್ತಾರೆ. ಸ್ವಲ್ಪ ಬಲ್ಲವರು ಬ್ರೆಡ್ಡನ್ನು ನೋಡುತ್ತಾರೆ. ನೀವು ಬೆಣ್ಣೆಯಿಂದ ಶುರುಮಾಡಿ. ಇಲ್ಲಿ ಬೆಣ್ಣೆ ಬ್ರೆಡ್ಡಿಗೆ ಸವರುವ ಜಿಡ್ಡಲ್ಲ, ಹ್ಯಾಮಿನಷ್ಟೇ ತೂಕವುಳ್ಳ ಪದಾರ್ಥ. ಒಂದು ತುತ್ತು ಕಚ್ಚಿ ಆ ಜಾಗವನ್ನು ನೋಡಿ: ಬೆಣ್ಣೆಯಲ್ಲಿ ಹಲ್ಲಿನ ಗುರುತು ಮೂಡಿದ್ದರೆ ಮಾಡಿದವರಿಗೆ ಕೆಲಸ ಗೊತ್ತಿದೆ. ಬ್ರೆಡ್ಡಿನೊಳಗೆ ಇಂಗಿ ಬರೀ ಹಳದಿ ಛಾಯೆ ಉಳಿದಿದ್ದರೆ, ಒಂದೋ ಬೆಣ್ಣೆ ಕಡಿಮೆ, ಇಲ್ಲವೇ ಅದು ಕರಗಿಹೋಗಿದೆ.

ಫ್ರಾನ್ಸಿನ ಉಪ್ಪಿಲ್ಲದ ಬೆಣ್ಣೆಯಲ್ಲಿ ಕೊಬ್ಬು ಶೇ. 82ಕ್ಕಿಂತ ಕಡಿಮೆ ಇರುವಂತಿಲ್ಲ, ನೀರು ಶೇ. 16 ಮೀರುವಂತಿಲ್ಲ. ನಾರ್ಮಂಡಿಯ ಇಸಿನಿ, ಪಶ್ಚಿಮದ ಶಾರಾಂತ್-ಪ್ವಾತು ಪ್ರದೇಶಗಳ ಬೆಣ್ಣೆಗೆ ಊರಿನ ಹೆಸರಿನ ಮೇಲೆಯೇ ಕಾನೂನಿನ ರಕ್ಷಣೆಯಿದೆ. ಅಲ್ಲಿ ಕೆನೆಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಸೇರಿಸಿ, ಗಂಟೆಗಟ್ಟಲೆ ಹದಕ್ಕೆ ಬರಲು ಬಿಟ್ಟು, ಆಮೇಲೆ ಕಡೆಯುತ್ತಾರೆ. ಹೆಪ್ಪು ಹಾಕಿದ ಮೊಸರನ್ನು ಕಡೆಗೋಲಿನಿಂದ ಕಡೆದು ತೆಗೆದ ಬೆಣ್ಣೆ ತಿಂದು ಬೆಳೆದವರಿಗೆ ಆ ನವಿರು ಹುಳಿ, ಆ ಕಾಯಿಯಂಥ ಪರಿಮಳ ತಕ್ಷಣ ತಿಳಿಯುತ್ತದೆ. ಬ್ರಿಟನಿಯವರು ಉಪ್ಪು ಹಾಕಿದ ಬೆಣ್ಣೆಯನ್ನೇ ಬಳಸುತ್ತಾರೆ. ನನ್ನ ಮತ ಉಪ್ಪಿಲ್ಲದ್ದಕ್ಕೆ, ಉಪ್ಪಿನ ಕೆಲಸವನ್ನು ಹ್ಯಾಮ್ ಮಾಡಲಿ.

ಬೆಣ್ಣೆಯ ಹದವೇ ಇದರ ನಿಜವಾದ ಕಸುಬು. ಅದು ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ನಮ್ಮ ಮೈಬಿಸಿಗಿಂತ ತುಸು ಕೆಳಗೆ. ಹಾಗಾಗಿ ಅದು ಬಾಯಿಗೆ ಬಂದಮೇಲೆ ಕರಗಬೇಕು, ಅದಕ್ಕೂ ಮೊದಲಲ್ಲ. ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು ಬ್ರೆಡ್ಡಿನ ತಿರುಳನ್ನು ಹರಿಯುತ್ತದೆ, ಬಿಸಿ ಮಾಡಿದ್ದು ಒಳಗೆ ಇಂಗುತ್ತದೆ. ಬೆರಳಲ್ಲಿ ಒತ್ತಿದರೆ ಬಗ್ಗುವ, ಆದರೆ ಹೊಳಪು ಬಾರದ ಹಂತದಲ್ಲಿ ಹಚ್ಚಬೇಕು. ಎರಡೂ ಬದಿಗೆ, ಅಂಚಿನ ತನಕ. ಅರ್ಧ ಬ್ಯಾಗೆಟ್ಟಿಗೆ 25ರಿಂದ 30 ಗ್ರಾಂ ಹೆಚ್ಚೇನಲ್ಲ. ಹೀಗೆ ಹಚ್ಚಿದ ಬೆಣ್ಣೆ ಹ್ಯಾಮಿನ ತೇವ ತಿರುಳಿಗೆ ಇಳಿಯದಂತೆ ತಡೆಯುತ್ತದೆ, ಹ್ಯಾಮಿನ ಉಪ್ಪನ್ನೂ ವಾಸನೆಯನ್ನೂ ನಾಲಿಗೆಯ ತುಂಬ ಹರಡುತ್ತದೆ.

ಇನ್ನು ಬ್ರೆಡ್ಡು. ಬೇಕರಿಯಲ್ಲಿ ಕೇಳುವಾಗ ‘ತ್ರಾದಿಸಿಯೋಂ’ ಎನ್ನಿ. 1993ರ ಸರ್ಕಾರಿ ಆದೇಶದ ಪ್ರಕಾರ ಈ ಹೆಸರಿನ ಬ್ರೆಡ್ಡಿನ ಹಿಟ್ಟನ್ನು ಹೆಪ್ಪುಗಟ್ಟಿಸಿಡುವಂತಿಲ್ಲ, ಅದಕ್ಕೆ ರಾಸಾಯನಿಕ ಬೆರೆಸುವಂತೆಯೂ ಇಲ್ಲ. ಅಂಗಡಿಯ ಫಲಕದಲ್ಲಿ ‘ಬುಲಾಂಜ್ರಿ’ ಎಂದಿದೆಯೇ ನೋಡಿ. ಹಿಟ್ಟು ನಾದಿ, ಸುಡುವ ಕೆಲಸ ತಾವೇ ಮಾಡುವವರಿಗೆ ಮಾತ್ರ ಆ ಹೆಸರು ಹಾಕಿಕೊಳ್ಳುವ ಹಕ್ಕನ್ನು 1998ರ ಕಾನೂನು ಕೊಟ್ಟಿದೆ. ಒಳ್ಳೆಯ ಬ್ಯಾಗೆಟ್ಟಿನ ತಿರುಳು ಅಚ್ಚ ಬಿಳಿಯಲ್ಲ, ಕೆನೆಬಣ್ಣ. ರಂಧ್ರಗಳು ಒಂದು ಸಣ್ಣದು, ಒಂದು ದೊಡ್ಡದು. ಒತ್ತಿದರೆ ಹೊರಪದರ ಚಟಚಟ ಸದ್ದು ಮಾಡುತ್ತದೆ. ಆ ಸದ್ದಿಗೆ ಆಯಸ್ಸು ಕಡಿಮೆ: ತಿರುಳಿನ ತೇವ ಕೆಲವೇ ಗಂಟೆಗಳಲ್ಲಿ ಹೊರಪದರಕ್ಕೆ ಹರಿದು ಅದನ್ನು ಚರ್ಮದಂತೆ ಮಾಡುತ್ತದೆ. ಫ್ರಿಜ್ಜಿನ ತಂಪಿನಲ್ಲಂತೂ ಬ್ರೆಡ್ಡಿನ ಪಿಷ್ಟ ಬೇಗ ಗಡುಸಾಗುತ್ತದೆ. ಗಾಜಿನ ಶೀತಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟವನ್ನು ಬಿಟ್ಟು, ನಿಮ್ಮ ಕಣ್ಣೆದುರೇ ಕತ್ತರಿಸಿ ಕೊಡುವವರನ್ನು ಹುಡುಕಿ.

ಹ್ಯಾಮ್ ಅಂದರೆ ಇಲ್ಲಿ ಜಾಂಬೋಂ ದ ಪಾರಿ. ಮೂಳೆ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಸೊಪ್ಪು-ಮಸಾಲೆಯ ಸಾರಿನಲ್ಲಿ ಬೇಯಿಸಿದ್ದು. ಇದಕ್ಕೆ ಹೊಗೆ ಕೊಡುವುದಿಲ್ಲ. ಹೋಳಿನಲ್ಲಿ ಸ್ನಾಯುಗಳ ಗೆರೆ ಕಾಣಬೇಕು, ಅಂಚಿನಲ್ಲಿ ಕೊಬ್ಬಿನ ಪಟ್ಟಿ ಇರಬೇಕು. ರಬ್ಬರಿನಂತೆ ನುಣುಪಾದ, ಎಲ್ಲೆಡೆ ಒಂದೇ ಬಣ್ಣದ ಚೌಕವಾದರೆ ಬೇಡ. ಗುಲಾಬಿ ಬಣ್ಣ ಬರುವುದು ನೈಟ್ರೈಟ್ ಬೆರೆಸಿದ ಉಪ್ಪಿನಿಂದ. ನೈಟ್ರೈಟ್‌ಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಇರುವ ನಂಟನ್ನು ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2022ರಲ್ಲಿ ದೃಢಪಡಿಸಿತು. ಹಾಗಾಗಿ ಮಾಸಲು ಬೂದಿ ಬಣ್ಣದ ಹ್ಯಾಮ್ ಕಂಡರೆ ಹಿಂಜರಿಯಬೇಡಿ, ಅದು ನೈಟ್ರೈಟ್ ಇಲ್ಲದ್ದಿರಬಹುದು. ತೆಳುವಾಗಿ ಕೊಯ್ದ ಹೋಳುಗಳನ್ನು ಚಪ್ಪಟೆಯಾಗಿ ಪೇರಿಸದೆ ಸಡಿಲವಾಗಿ ಮಡಚಿ ಇಡಬೇಕು. ನಡುವೆ ಗಾಳಿಯಿದ್ದರೆ ಹಲ್ಲು ಸಲೀಸಾಗಿ ಇಳಿಯುತ್ತದೆ.

ಪ್ಯಾರಿಸ್ಸಿನ ಹಳೆಯ ಲೆ ಆಲ್ ಮಾರುಕಟ್ಟೆಯ ಹಮಾಲಿಗಳು ಇದನ್ನು ತಿನ್ನುತ್ತಿದ್ದರು ಎನ್ನುತ್ತಾರೆ. ಆ ಸಗಟು ಮಾರುಕಟ್ಟೆ 1969ರಲ್ಲಿ ಊರಾಚೆಯ ರೂಂಜಿಸ್‌ಗೆ ಹೋಯಿತು. ಕೈಯಲ್ಲಿ ಹಿಡಿದು, ನಿಂತೋ ನಡೆಯುತ್ತಲೋ ತಿನ್ನುವ ರೂಢಿ ಮಾತ್ರ ಉಳಿದಿದೆ. ತಟ್ಟೆ, ಚಾಕು ಬೇಡ. ಮೊದಲ ತುತ್ತು ತುದಿಯಿಂದ ಬೇಡ, ಅಲ್ಲಿ ಬರೀ ಬ್ರೆಡ್ಡು. ನಡುಭಾಗದಿಂದ ಕಚ್ಚಿ, ಬೆಣ್ಣೆ ಕರಗುವ ತನಕ ನಿಧಾನ ಅಗಿಯಿರಿ. ಮೊದಲು ಗೋಧಿಯ ಸುಟ್ಟ ಪರಿಮಳ, ಆಮೇಲೆ ಉಪ್ಪು, ಕೊನೆಗೆ ಕೆನೆಯ ಹುಳಿ ಬರುತ್ತದೆ. ಕೊರ್ನಿಶೋಂ ಎಂಬ ಪುಟ್ಟ ಸೌತೆಯ ಉಪ್ಪಿನಕಾಯಿಯನ್ನು ಒಳಗೆ ಸೇರಿಸುವವರಿದ್ದಾರೆ. ಅದರ ವಿನೆಗರ್ ಬೆಣ್ಣೆಯ ಹುಳಿಯನ್ನು ಮುಚ್ಚುವುದರಿಂದ ನಾನು ಪಕ್ಕದಲ್ಲಿಟ್ಟುಕೊಂಡು ತುತ್ತುಗಳ ನಡುವೆ ಕಚ್ಚುತ್ತೇನೆ. ಚೀಸ್ ಹಾಕಿದರೆ ಅದು ಬೇರೆಯೇ ಸ್ಯಾಂಡ್‌ವಿಚ್, ಅದಕ್ಕೆ ಬೇರೆ ಹೆಸರಿದೆ.

ನಾಲಿಗೆ ಪಳಗಬೇಕಾದರೆ ಒಂದೇ ಮಧ್ಯಾಹ್ನ ಎರಡು ಬೇಕರಿಗಳಿಂದ ಒಂದೊಂದು ತಂದು ಪಕ್ಕಪಕ್ಕ ಇಟ್ಟು ತಿನ್ನಿ. ಹ್ಯಾಮ್ ಹೆಚ್ಚು ತುಂಬಿದ್ದನ್ನಲ್ಲ, ಕಚ್ಚಿದಲ್ಲಿ ಬೆಣ್ಣೆಯ ಪದರ ಸ್ಪಷ್ಟವಾಗಿ ಕಾಣುವುದನ್ನು ಮೊದಲು ಎತ್ತಿಕೊಳ್ಳಿ.