ಒಂದು ಬಿಸಿಲುಕೋಲಿನ ಬಗ್ಗೆ ತಕರಾರು

ವಿ.ಕೆ. ಮೂರ್ತಿ ಎಂದೊಡನೆ ನಮ್ಮ ಸಿನಿಮಾ ಬರಹಗಾರರ ಲೇಖನಿ ಓಡುವುದು ಒಂದೇ ಕಡೆಗೆ. ‘ಕಾಗಜ್ ಕೆ ಫೂಲ್’, ಖಾಲಿ ಸ್ಟುಡಿಯೋ, ಮೇಲಿನಿಂದ ಇಳಿಯುವ ಬಿಸಿಲುಕೋಲು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲ ಬಾರಿಗೆ ಒಬ್ಬ ಛಾಯಾಗ್ರಾಹಕನಿಗೆ ಸಿಕ್ಕಿತು, ಅವರು ಮೈಸೂರಿನವರು ಎಂದು ನಾವೆಲ್ಲ ಬೀಗಿದಾಗ ಪತ್ರಿಕೆಗಳಲ್ಲಿ ಅದೇ ಪಟ. 2014ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗಲೂ ಅದೇ ಪಟ. ಉಮಾ ರಾವ್ ಕನ್ನಡದಲ್ಲಿ ಬರೆದ ಅವರ ಜೀವನಕಥೆಗೂ ‘ಬಿಸಿಲು ಕೋಲು’ ಎಂದೇ ಹೆಸರು. ಆ ಪುಸ್ತಕದ ಮೇಲೆ ನನಗೇನೂ ಸಿಟ್ಟಿಲ್ಲ. ಕನ್ನಡದಲ್ಲಿ ಅಂಥದೊಂದು ಇರುವುದೇ ದೊಡ್ಡದು. ಸಿಟ್ಟು ಇರುವುದು ಆ ಒಂದು ಬೆಳಕಿನ ಮೇಲೆ, ಅದರ ಸುತ್ತ ಅರ್ಧ ಶತಮಾನದಿಂದ ನಡೆಯುತ್ತಿರುವ ಮಂಗಳಾರತಿಯ ಮೇಲೆ. ಮೂರ್ತಿಯವರ ಹೆಚ್ಚುಗಾರಿಕೆ ಬೆಳಕನ್ನು ತಡೆಹಿಡಿಯುವುದರಲ್ಲಿತ್ತು. ಅವರು ಅದನ್ನು ಕೈಬಿಚ್ಚಿ ಸುರಿದ ಒಂದೇ ಗಳಿಗೆಯನ್ನು ಹಿಡಿದು ನಾವು ಅವರನ್ನು ಅಳೆಯುತ್ತಿದ್ದೇವೆ.

ದೃಶ್ಯ ಎಲ್ಲರಿಗೂ ಗೊತ್ತಿರುವುದೇ. ನಿರ್ದೇಶಕ ಸುರೇಶ್ ಸಿನ್ಹಾ ಆಗಿ ಗುರುದತ್, ಅವನು ಕಂಡುಹಿಡಿದ ನಟಿ ಶಾಂತಿಯಾಗಿ ವಹೀದಾ ರೆಹಮಾನ್. ಯಾರೂ ಇಲ್ಲದ ಸ್ಟುಡಿಯೋ. ಇಬ್ಬರೂ ದೂರ ದೂರ ನಿಂತಿದ್ದಾರೆ, ಯಾರ ತುಟಿಯೂ ಆಡುವುದಿಲ್ಲ, ಗೀತಾ ದತ್ ದನಿ ಹಿನ್ನೆಲೆಯಲ್ಲಿ. ನಡುವೆ ಆ ಕೋಲು. ಆಮೇಲೆ ಇಬ್ಬರ ದೇಹದಿಂದಲೂ ಇನ್ನೊಂದೊಂದು ಆಕೃತಿ ಕಳಚಿಕೊಂಡು ಮುಂದೆ ನಡೆದು ಬೆಳಕಿನಲ್ಲಿ ಒಂದಾಗುತ್ತವೆ.

ತಾಂತ್ರಿಕವಾಗಿ ಇದು ಅಸಾಧ್ಯ ಜಾಣತನ, ಒಪ್ಪುತ್ತೇನೆ. ಚಿತ್ರದ ನಿರ್ದೇಶಕನೂ ಆದ ಗುರುದತ್‌ಗೆ ಬೇಕಿದ್ದದ್ದು ನಿಜವಾದ ಬಿಸಿಲಿನಂಥ ನೇರ ಕಿರಣ. ಸ್ಟುಡಿಯೋ ದೀಪ ಎಷ್ಟೇ ದೊಡ್ಡದಿರಲಿ, ಅದರ ಬೆಳಕು ಹೊರಟ ಕಡೆಯಿಂದಲೇ ಅಗಲವಾಗುತ್ತ ಹೋಗುತ್ತದೆ. ಸೂರ್ಯ ಅಷ್ಟು ದೂರ ಇರುವುದರಿಂದ ಅವನ ಕಿರಣ ಮಾತ್ರ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತದೆ. ಹಾಗಾಗಿ ಮೂರ್ತಿ ಸ್ಟುಡಿಯೋದ ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಇಟ್ಟರು, ಅದರ ಬೆಳಕನ್ನು ಒಳಗೆ ಮೇಲಿನ ಅಟ್ಟಣೆಯಲ್ಲಿದ್ದ ಇನ್ನೊಂದು ಕನ್ನಡಿಗೆ ಹೊಡೆಸಿದರು, ಅಲ್ಲಿಂದ ಕೆಳಗೆ ಇಳಿಸಿದರು. ಕೋಲು ಕಣ್ಣಿಗೆ ಕಾಣಲೆಂದು ಹೊಗೆ. ಸೂರ್ಯನನ್ನೇ ಸ್ಟುಡಿಯೋ ಒಳಗೆ ಕರೆತಂದ ಮನುಷ್ಯ.

ಆದರೆ ಈ ಪರಿಕರವನ್ನೆಲ್ಲ ಕೂಡಿಸಿ ಹೇಳಿದ್ದೇನು? ನೊಣವಿನಕೆರೆ ಕಡೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಕಾಯಿ ಹಾಕಿರುತ್ತೇವೆ, ಒಳಗಿನ ನೀರು ಆರಿ ಉಂಡೆಕೊಬ್ಬರಿ ಆಗುವವರೆಗೆ, ಹತ್ತು ಹನ್ನೊಂದು ತಿಂಗಳು. ಗಾಜಿನ ಹೆಂಚಿನಿಂದ ಆ ಕತ್ತಲೆಗೆ ಬಿಸಿಲುಕೋಲು ಇಳಿಯುತ್ತದೆ, ನಾರಿನ ದೂಳಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಈಗ ಒಂದು ರಾಶಿಯ ಮೇಲಿದ್ದದ್ದು ಅರ್ಧ ಗಂಟೆಯಲ್ಲಿ ಪಕ್ಕದ ತೊಲೆಗೆ ಹೋಗಿರುತ್ತದೆ. ಯಾರ ಸಲುವಾಗಿಯೂ ಅದು ನಿಲ್ಲುವುದಿಲ್ಲ. ನಿಲ್ಲದಿರುವುದರಲ್ಲೇ ಅದರ ಸೊಗಸು, ಅದರ ಕ್ರೌರ್ಯ. ‘ಕಾಗಜ್ ಕೆ ಫೂಲ್’ನ ಕೋಲು ಮಾತ್ರ ಪ್ರೇಮಿಗಳು ಬಂದು ಸೇರಲಿ ಎಂದು ಕಾದು ನಿಂತಿರುತ್ತದೆ. ನಿಜವಾದ ಬಿಸಿಲನ್ನು ಹಿಡಿದು ತಂದು, ಬಿಸಿಲಿನ ಗುಣವೊಂದನ್ನೇ ಅದರಿಂದ ತೆಗೆದುಬಿಟ್ಟಿದ್ದಾರೆ. ಕಾಲ ಮನುಷ್ಯರನ್ನು ಹೇಗೆ ಸವೆಸುತ್ತದೆ ಎನ್ನುವ ಹಾಡಿಗೆ ಕಾಲವೇ ಇಲ್ಲದ ಬೆಳಕು! ಆಮೇಲೆ ಬರುವ ಆ ಜೋಡಿ ಆತ್ಮಗಳಂತೂ ನಮ್ಮ ಪೌರಾಣಿಕ ಚಿತ್ರಗಳ ಟ್ರಿಕ್ ಶಾಟ್. ಅಲ್ಲಿ ನಾರದ ಮಾಯವಾದರೆ ನಗುವವರು ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಇದೇ ಬೆಳಕನ್ನು ಒಂಬತ್ತು ವರ್ಷ ಮೊದಲೇ ಇನ್ನೊಬ್ಬರು ಬೇರೆ ರೀತಿ ಇಳಿಸಿದ್ದರು. 1950ರ ‘ಸನ್‌ಸೆಟ್ ಬೂಲೆವಾರ್ಡ್’, ನಿರ್ದೇಶನ ಬಿಲ್ಲಿ ವೈಲ್ಡರ್, ಕ್ಯಾಮೆರಾ ಜಾನ್ ಸೈಟ್ಜ್. ಮೂಕಿಚಿತ್ರ ಕಾಲದ ತಾರೆ ನಾರ್ಮಾ ಡೆಸ್ಮಂಡ್ ತನ್ನ ಹಳೇ ನಿರ್ದೇಶಕ ಡಿಮಿಲ್‌ರನ್ನು ನೋಡಲು ಪ್ಯಾರಾಮೌಂಟ್ ಸ್ಟುಡಿಯೋಗೆ ಬರುತ್ತಾಳೆ. ಪಾತ್ರ ಮಾಡಿದ ಗ್ಲೋರಿಯಾ ಸ್ವಾನ್ಸನ್ ಕೂಡ ಮೂಕಿಯ ತಾರೆಯೇ, ಡಿಮಿಲ್ ಪಾತ್ರದಲ್ಲಿ ಡಿಮಿಲ್ ಅವರೇ. ಆಕೆ ಸೆಟ್ಟಿನ ಮೂಲೆಯಲ್ಲಿ ಕುರ್ಚಿ ಮೇಲೆ ಕೂತಿದ್ದಾಳೆ, ಯಾರೂ ಗುರುತು ಹಿಡಿದಿಲ್ಲ. ಮೇಲಿನಿಂದ ಒಬ್ಬ ಹಳೇ ಲೈಟ್‌ಮನ್ ಅವಳನ್ನು ಗುರುತಿಸಿ ತನ್ನ ದೀಪವನ್ನು ಅವಳ ಕಡೆ ತಿರುಗಿಸುತ್ತಾನೆ. ಬೆಳಕು ಬಿದ್ದೊಡನೆ ಜನ ಮುತ್ತುತ್ತಾರೆ. ಅಷ್ಟರಲ್ಲಿ ಡಿಮಿಲ್ ದೀಪವನ್ನು ಅದು ಇರಬೇಕಾದ ಕಡೆಗೇ ತಿರುಗಿಸಲು ಹೇಳುತ್ತಾರೆ. ಬೆಳಕು ಹೋಯಿತು, ಜನವೂ ಚದುರಿದರು.

ಎರಡೂ ಸಿನಿಮಾದ ಬಗೆಗಿನ ಸಿನಿಮಾಗಳು, ಎರಡರಲ್ಲೂ ಸ್ಟುಡಿಯೋದ ಮೇಲಿನಿಂದ ಬೆಳಕು ಇಳಿಯುತ್ತದೆ. ಸೈಟ್ಜ್‌ನ ಬೆಳಕಿಗೆ ಹಿಡಿದವನೊಬ್ಬನಿದ್ದಾನೆ, ಅವನಿಗೆ ಕೂಲಿ ಇದೆ, ಯಜಮಾನನಿದ್ದಾನೆ. ಯಾರೋ ಕೊಟ್ಟದ್ದು, ಇನ್ನು ಯಾರೋ ಕಸಿದದ್ದು. ಗುರುದತ್‌ನ ಬೆಳಕು ಎಲ್ಲಿಂದ ಬಂತೋ ಗೊತ್ತಿಲ್ಲ, ದೇವರ ಕಡೆಯಿಂದ ಬಂದ ಹಾಗಿದೆ. ಚಿತ್ರರಂಗದ ಕೃತಘ್ನತೆಯನ್ನು ಕುರಿತ ಚಿತ್ರವೊಂದು ಮೇಲೆ ಕನ್ನಡಿ ಹಿಡಿದವರನ್ನು ಮಾತ್ರ ಕತ್ತಲಲ್ಲಿ ಬಿಟ್ಟಿತು. ಅದೇ ಚಿತ್ರದ ಆರಂಭದಲ್ಲಿ, ಸೋತು ಸುಣ್ಣವಾದ ಮುದುಕ ಸುರೇಶ್ ಸ್ಟುಡಿಯೋ ಒಳಗೆ ಬಂದು ಮೇಲೆ ಹತ್ತಿ ಕೆಳಗೆ ನೋಡುತ್ತಾನಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರದ ಅಷ್ಟಗಲದ ಚೌಕಟ್ಟನ್ನು ಖಾಲಿತನದಿಂದ ತುಂಬಿದ ಧೈರ್ಯ ಅಲ್ಲಿದೆ. ಅದರ ಪಟವನ್ನು ಯಾರೂ ಅಚ್ಚು ಹಾಕುವುದಿಲ್ಲ.

ಮೂರ್ತಿಯವರ ಕನ್ನಡಿಯ ಕಥೆ ‘ಕಾಗಜ್ ಕೆ ಫೂಲ್’ನಿಂದ ಶುರುವಾದದ್ದೂ ಅಲ್ಲ. 1951ರ ‘ಬಾಜಿ’ಯಲ್ಲಿ ಅವರಿನ್ನೂ ವಿ. ರಾತ್ರಾ ಅವರ ಸಹಾಯಕ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಮುಂಬಯಿಗೆ ಹೋದ, ಪಿಟೀಲು ನುಡಿಸಬಲ್ಲ ಹುಡುಗ. ಗೀತಾ ಬಾಲಿಯ ಕ್ಲಬ್ ಹಾಡೊಂದಕ್ಕೆ ಕನ್ನಡಿಯ ಪ್ರತಿಬಿಂಬದಿಂದ ಹೊರಟು ಕಟ್ ಇಲ್ಲದೆ ಸಾಗುವ ಶಾಟ್ ಒಂದನ್ನು ಸೂಚಿಸಿ, ತಾನೇ ಕ್ಯಾಮೆರಾ ಹಿಡಿಯಲು ಅಪ್ಪಣೆ ಕೇಳಿ, ಮಾಡಿ ತೋರಿಸಿದರು. ಮುಂದಿನ ಚಿತ್ರದಿಂದ ನೀನೇ ನನ್ನ ಕ್ಯಾಮೆರಾಮನ್ ಎಂದು ಗುರುದತ್ ಹೇಳಿದ್ದು ಆಗಲೇ; 1952ರ ‘ಜಾಲ್’ನಿಂದ ಹಾಗೇ ಆಯಿತು. ಆ ಹಾಡಿನ ಸಂದರ್ಭ ಗಮನಿಸಿ: ಜೂಜುಗಾರ ದೇವ್ ಆನಂದ್‌ನ ಜೀವಕ್ಕೆ ಅಪಾಯವಿದೆ. ಅದನ್ನು ಬಾಯಿಬಿಟ್ಟು ಹೇಳಲಾಗದ ಹುಡುಗಿ ಎಲ್ಲರೆದುರು ಕುಣಿಯುತ್ತಲೇ ಅವನೊಬ್ಬನಿಗೆ ಮುಟ್ಟಿಸಬೇಕು. ಹಾಡು ಎರಡು ಮಾತಾಡುತ್ತಿದೆ, ಹಾಗಾಗಿ ಶಾಟ್ ಕೂಡ ಎರಡು ಜಾಗಗಳನ್ನು ಒಟ್ಟಿಗೆ ಹಿಡಿಯಬೇಕು. ಕನ್ನಡಿ ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಕಣ್ಣಿಗೆ ಕಂಡದ್ದನ್ನು ನಂಬಬೇಡ ಎಂದು ಪ್ರೇಕ್ಷಕನ ಕಿವಿ ಹಿಂಡುತ್ತದೆ.

ಐದು ವರ್ಷದ ನಂತರ ‘ಸಿ.ಐ.ಡಿ.’. ನಿರ್ಮಾಪಕ ಗುರುದತ್, ನಿರ್ದೇಶಕ ರಾಜ್ ಖೋಸ್ಲಾ, ಕ್ಯಾಮೆರಾ ಮೂರ್ತಿ. ಪತ್ರಿಕೆಯ ಸಂಪಾದಕನೊಬ್ಬನನ್ನು ಮುಗಿಸಲು ಫೋನಿನ ಮೇಲೆ ಫೋನು ಹೋಗುವ ಆ ಮೊದಲ ನಿಮಿಷಗಳು ಸಾಕು: ಯಾರು ಹೇಳಿದರು, ಯಾರು ಕೇಳಿದರು ಎಂಬುದು ಅರೆಬರೆಯಾಗಿ ಮಾತ್ರ ತಿಳಿಯುತ್ತ ಕೊಲೆ ಒಂದು ಕಚೇರಿ ಕೆಲಸದಂತೆ ಮುಂದಕ್ಕೆ ಸಾಗುತ್ತದೆ. ಆ ಕೊಲೆಗೆ ಸಾಕ್ಷಿಯಾಗುವವನು ಒಬ್ಬ ಕಳ್ಳ, ಜಾನಿ ವಾಕರ್. ತನಿಖೆ ಮಾಡುವ ಇನ್ಸ್‌ಪೆಕ್ಟರ್ ದೇವ್ ಆನಂದ್ ಕೊನೆಗೆ ತಾನೇ ಕೊಲೆ ಆರೋಪ ಹೊತ್ತು ಓಡುತ್ತಾನೆ. ಹಿಂದಿಗೆ ಆಗಷ್ಟೇ ಬಂದ ವಹೀದಾ ಖಳನ ಕಡೆಯ ಹೆಣ್ಣು, ಅವಳು ಯಾವ ಪಕ್ಷ ಎಂಬುದೇ ಕೊನೆಗೆ ಚಿತ್ರದ ಮುಖ್ಯ ಪ್ರಶ್ನೆ. ಅವಳ ಪ್ರಸಿದ್ಧ ಹಾಡಿನಲ್ಲಿ ‘ಬಾಜಿ’ಯ ಲೆಕ್ಕವೇ ಇನ್ನೂ ಬಿಗಿಯಾಗಿದೆ. ಖಳನ ಕಣ್ಣನ್ನು ತನ್ನ ಮೇಲೆ ಕಟ್ಟಿಹಾಕಬೇಕು, ಆ ಹೊತ್ತಿನಲ್ಲಿ ಬಚ್ಚಿಟ್ಟುಕೊಂಡ ನಾಯಕ ಪಾರಾಗಬೇಕು. ಅವಳು ನಗುತ್ತ ಬೆಳಕಿಗೆ ಮುಖ ಕೊಡುವುದೇ ಇನ್ನೊಬ್ಬನನ್ನು ನೆರಳಲ್ಲಿ ಉಳಿಸಲಿಕ್ಕೆ. ಒಂದು ಹೆಣ್ಣಿನ ಮುಖ ಹೊಳೆಯುವುದಕ್ಕೆ ಇಷ್ಟು ಗಟ್ಟಿ ಕಾರಣ ಕೊಟ್ಟ ಹಿಂದಿ ಹಾಡು ನಾನು ಇನ್ನೊಂದು ಕಂಡಿಲ್ಲ. ಬಿಸಿಲುಕೋಲಿನ ಅಡಿ ಅದೇ ವಹೀದಾ ಸುಮ್ಮನೆ ಸುಂದರವಾಗಿ ನಿಂತಿದ್ದಾರೆ, ಅಷ್ಟೇ.

‘ಆರ್ ಪಾರ್’ ಬಗ್ಗೆಯೂ ಹೀಗೇ ಬರೆಯಬಹುದು. ಜೈಲಿನಿಂದ ಬಿಡುಗಡೆಯಾದ ಟ್ಯಾಕ್ಸಿ ಡ್ರೈವರ್, ಕ್ಲಬ್ಬಿನ ಕತ್ತಲು, ಎಚ್ಚರಿಕೆಯ ಹಾಡು. ಬೇಡ, ಬೆಳೆಸುವುದಿಲ್ಲ. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಕೋಠಾದ ನೃತ್ಯವನ್ನು ಮಾತ್ರ ಬಿಡಲಾರೆ. ನಡುವಿನ ನರ್ತಕಿ ಮಿನೂ ಮುಮ್ತಾಜ್ ಮೇಲೆ ಬೆಳಕು. ಸುತ್ತ ಕುಣಿಯುವವರು ಹಾಡು ಮುಗಿಯುವ ತನಕ ನೆರಳುಗಳು. ಅವರು ಬೆಳಕಿನ ಸೀಮೆಯೊಳಗೆ ಬಂದು ಹೋದರೂ ಮುಖ ಮಾತ್ರ ಸಿಗುವುದಿಲ್ಲ. ಸಹನರ್ತಕಿಯರ ಚಹರೆ ಗುರುದತ್‌ಗೆ ಹಿಡಿಸದ ಕಾರಣ ಹೀಗೆ ಮಾಡಬೇಕಾಯಿತಂತೆ, ಆ ಕಥೆ ಎಲ್ಲರೂ ಹೇಳುತ್ತಾರೆ. ಕಾರಣ ಏನೇ ಇರಲಿ, ಜಮೀನ್ದಾರಿಕೆಯ ಮೋಜಿನಲ್ಲಿ ಯಾರಿಗೆ ಮುಖವಿತ್ತು ಯಾರಿಗಿರಲಿಲ್ಲ ಎಂಬುದನ್ನು ಆ ದೀಪಗಳು ಹೇಳಿಬಿಟ್ಟವು. ಕ್ರೈಂ ಚಿತ್ರಗಳಲ್ಲಿ ಪಳಗಿದ ಕೈಗೆ ಮಾತ್ರ ಸಾಧ್ಯವಾಗುವ ಕೆಲಸ.

ಇಲ್ಲಿ ಇಬ್ಬರು ಬಂದು ದಾರಿ ಅಡ್ಡ ಹಾಕುತ್ತಾರೆ. ಮೊದಲನೆಯವರು ಗುರುದತ್ ಚಿತ್ರಗಳನ್ನು ಎರಡು ಗೂಡೆಗೆ ಹಾಕುವವರು. ‘ಪ್ಯಾಸಾ’ದಿಂದ ಈಚಿನವು ಕಲೆ, ಅದಕ್ಕೂ ಹಿಂದಿನವು ಹೊಟ್ಟೆಪಾಡು. ಈ ಗೂಡೆ ಹೆಣೆದವರಿಗೆ ದುಃಖವೇ ಕಲೆಯ ಅಳತೆಗೋಲು. ನಾಯಕ ಸತ್ತರೆ ಕ್ಲಾಸಿಕ್, ಟ್ಯಾಕ್ಸಿ ಓಡಿಸಿದರೆ ಟೈಂಪಾಸ್. ಮೂರ್ತಿಯವರಿಗೆ ಅದರಿಂದ ಆದ ನಷ್ಟ ಹೆಚ್ಚು, ಏಕೆಂದರೆ ಅವರ ಕೈ ಪಳಗಿದ್ದೇ ಟೈಂಪಾಸಿನಲ್ಲಿ.

ಎರಡನೆಯವರು ನಮ್ಮವರು, ಅವರ ಜತೆ ಜಗಳ ಹಳೆಯದು. ನೆರಳು ಕವಿದ ಈ ಕ್ರೈಂ ಚಿತ್ರಗಳ ಶೈಲಿ, ನ್ವಾರ್ ಎನ್ನುವುದು, ಅಮೆರಿಕದ ಸರಕು, ಅದನ್ನು ಮೈಸೂರಿನ ಮೂರ್ತಿಗೆ ಯಾಕೆ ತೊಡಿಸುತ್ತೀರಿ ಎಂದು ಕೇಳುತ್ತಾರೆ. ಹಾಗೆ ಕೇಳುವವರೇ ನಮ್ಮ ತಿಪಟೂರಿನ ನರಸಿಂಹರಾಜು ಅವರನ್ನು ‘ಕನ್ನಡದ ಚಾರ್ಲಿ ಚಾಪ್ಲಿನ್’ ಎಂದು ಕರೆದು ಹಾರ ಹಾಕಿದವರು! ಕಂಪನಿ ನಾಟಕದಲ್ಲಿ ಬಾಲಕನಾಗಿ ಬಣ್ಣ ಹಚ್ಚಿ, 1954ರ ‘ಬೇಡರ ಕಣ್ಣಪ್ಪ’ದಿಂದ ತೆರೆಗೆ ಬಂದ, ಮಾತಿನ ಓಟದಲ್ಲೇ ನಗಿಸಿದ ನಟನಿಗೆ ಮಾತೇ ಆಡದ ಚಾಪ್ಲಿನ್ನನ ಟೋಪಿ ಯಾವ ಅಳತೆಗೆ ಹೊಂದೀತು? ಅಲ್ಲಿ ಹೋಲಿಕೆ ಸುಳ್ಳು, ಆದರೂ ಬೇಕು. ಇಲ್ಲಿ ನಿಜವಾದ ನಂಟಿದೆ, ಆದರೆ ಬೇಡ.

ಇನ್ನು ‘ಅಮೆರಿಕದ ಸರಕು’ ಎಂಬ ಮಾತು. ಆ ಹೆಸರು ಕೊಟ್ಟವರು ಅಮೆರಿಕನ್ನರೇ ಅಲ್ಲ. 1946ರಲ್ಲಿ ಯುದ್ಧ ಮುಗಿದ ಪ್ಯಾರಿಸ್ಸಿಗೆ ‘ದಿ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’, ‘ಲಾರಾ’ ಒಟ್ಟಿಗೆ ಬಂದಿಳಿದಾಗ ನೀನೋ ಫ್ರಾಂಕ್ ಎಂಬ ವಿಮರ್ಶಕ ಹಾಗೆ ಕರೆದ. ಅವನ್ನು ತಯಾರಿಸಿದವರಿಗೆ ಅವು ಬರೀ ಕ್ರೈಂ ಚಿತ್ರಗಳು. ಆ ನೆರಳನ್ನು ಹಾಲಿವುಡ್ಡಿಗೆ ಒಯ್ದವರಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡ ಲ್ಯಾಂಗ್, ಸಿಯೋಡ್ಮಾಕ್, ವೈಲ್ಡರ್ ಇದ್ದರು. ಮುಂಬಯಿಗೂ ಜರ್ಮನಿಯಿಂದಲೇ ಜೋಸೆಫ್ ವಿರ್ಶಿಂಗ್ ಬಂದು ಬಾಂಬೆ ಟಾಕೀಸಿನಲ್ಲಿ ಕ್ಯಾಮೆರಾ ಹಿಡಿದು 1949ರಲ್ಲಿ ‘ಮಹಲ್’ ತೆಗೆದಾಗಿತ್ತು. ಒಂದೇ ಊರಿನಿಂದ ಹೊರಟ ಕತ್ತಲು ಎರಡು ಊರಿನಲ್ಲಿ ಇಳಿದರೆ, ಒಂದನ್ನು ಅಸಲು ಇನ್ನೊಂದನ್ನು ನಕಲು ಎನ್ನುವುದು ಯಾವ ನ್ಯಾಯ? ‘ಬಾಜಿ’ಯ ಮೇಲೆ ಹಾಲಿವುಡ್ಡಿನ ‘ಗಿಲ್ಡಾ’ದ ನೆರಳಿದೆ, ಇದ್ದೇ ಇದೆ. ‘ಗಿಲ್ಡಾ’ದ ಹಾಡು ಗಂಡನನ್ನೋ ಪ್ರೇಮಿಯನ್ನೋ ಕೆಣಕಲಿಕ್ಕೆ, ‘ಬಾಜಿ’ಯ ಹಾಡು ಒಬ್ಬನ ಜೀವ ಉಳಿಸಲಿಕ್ಕೆ. ಸಾಲ ತಂದವರು ಬಡ್ಡಿ ಸೇರಿಸಿಯೇ ಹಿಂತಿರುಗಿಸಿದ್ದಾರೆ.

ಕನ್ನಡ ಚಿತ್ರರಂಗ ಈ ಕತ್ತಲಿನಿಂದ ಏನು ಪಡೆಯಿತು ಎಂದು ಕೇಳಿದರೆ ಉತ್ತರ ಚಿಕ್ಕದು. 1968ರಲ್ಲಿ ‘ಜೇಡರ ಬಲೆ’ ಬಂದಾಗ ನಮ್ಮ ಸಿ.ಐ.ಡಿ. 999 ಹಿಡಿದದ್ದು ಜೇಮ್ಸ್ ಬಾಂಡ್ ದಾರಿ. ರಾಜ್‌ಕುಮಾರ್ ಚೆನ್ನಾಗಿ ಓಡಿದರು, ಹಾರಿದರು, ಗೆದ್ದರು. ತಾನು ಯಾರ ಪರ ಎಂಬ ಅನುಮಾನ ಆ ಪಾತ್ರಕ್ಕೆ ಒಂದು ರಾತ್ರಿಯೂ ಬರಲಿಲ್ಲ. ಹತ್ತು ವರ್ಷದ ಮೇಲೆ ಕಾಶೀನಾಥ್ ‘ಅಪರಿಚಿತ’ದಲ್ಲಿ ಬೇರೆ ದಾರಿ ಹುಡುಕಿದರು. ಆಗ ಮೂರ್ತಿ ಇನ್ನೂ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದರು. ಮುಂದೆ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ಗೆ, ತಮ್ಮ ಸಹಾಯಕನಾಗಿದ್ದ ಗೋವಿಂದ ನಿಹಲಾನಿಯ ‘ತಮಸ್’ಗೆ ಬೆಳಕು ಕೊಟ್ಟರು. ನಿಹಲಾನಿ ಕೂಡ ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನವರು. ಕನ್ನಡಕ್ಕೆ ಮೂರ್ತಿ ಕ್ಯಾಮೆರಾ ಹಿಡಿದದ್ದು 1993ರಲ್ಲಿ, ತ್ರಿವೇಣಿಯವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಮಾಡಿದ ‘ಹೂವು ಹಣ್ಣು’ ಚಿತ್ರಕ್ಕೆ. ಅವರಿಗಾಗ ಎಪ್ಪತ್ತರ ಹತ್ತಿರ, ಚಿತ್ರ ಬಣ್ಣದ್ದು. ಕಪ್ಪು ಬಿಳುಪಿನ ನಮ್ಮ ಒಂದು ಪೇಟೆಬೀದಿಯನ್ನೋ ಒಂದು ಠಾಣೆಯನ್ನೋ ರಾತ್ರಿಯ ಒಂದು ತಿರುವನ್ನೋ ಮೂರ್ತಿಯವರ ಕೈಗೆ ಒಪ್ಪಿಸಲು ನಮ್ಮ ನಿರ್ಮಾಪಕರಿಗೆ ನಲವತ್ತು ವರ್ಷ ಸಾಲಲಿಲ್ಲ. ಫಾಲ್ಕೆ ಬಂದ ವಾರ ಹಾರ ಹಿಡಿದು ಸಾಲುಗಟ್ಟಿದವರಲ್ಲಿ ಅವರೂ ಇದ್ದಿರಬೇಕು.