ಅಲ್ ಮುತನಬ್ಬಿ ಬೀದಿಯ ಹೊತ್ತಗೆಗಳು

ಹತ್ತನೆಯ ಶತಮಾನದ ಅರಬ್ಬೀ ಮಹಾಕವಿ ಅಲ್ ಮುತನಬ್ಬಿಯ ಹೆಸರನ್ನು ಹೊತ್ತ ಬೀದಿಯೊಂದು ಬಾಗ್ದಾದ್ ನಗರದಲ್ಲಿದೆ. ಅದು ಪುಸ್ತಕದಂಗಡಿಗಳ ಬೀದಿ. ಶುಕ್ರವಾರ ಬಂತೆಂದರೆ ನೆಲದ ಮೇಲೆಯೇ ಪುಸ್ತಕಗಳನ್ನು ಹರವಿ ಮಾರುತ್ತಾರೆ. 1990ರ ನಂತರದ ಆರ್ಥಿಕ ದಿಗ್ಬಂಧನದ ಕಾಲದಲ್ಲಿ ವಿದ್ವಾಂಸರು ಹೊಟ್ಟೆಪಾಡಿಗಾಗಿ ತಮ್ಮ ಸ್ವಂತ ಗ್ರಂಥಗಳನ್ನು ಇಲ್ಲಿಗೆ ತಂದು ಮಾರಿದರು. ನಿಷೇಧಿತ ಕೃತಿಗಳು ನೆರಳಚ್ಚಿನ ಪ್ರತಿಗಳಾಗಿ ಗುಟ್ಟಾಗಿ ಕೈಯಿಂದ ಕೈಗೆ ಸಾಗಿದವು. 2007ರ ಮಾರ್ಚ್ 5ರಂದು ಸಿಡಿಮದ್ದು ತುಂಬಿದ ಕಾರೊಂದು ಈ ಬೀದಿಯಲ್ಲಿ ಸ್ಫೋಟಿಸಿತು. ಮೂವತ್ತರಷ್ಟು ಜನ ಮಡಿದರು, ನೂರರಷ್ಟು ಜನ ಗಾಯಗೊಂಡರು. ಶಾಬಂದರ್ ಎಂಬ ಹಳೆಯ ಕಾಫಿಗೃಹದ ಯಜಮಾನರು ನಾಲ್ವರು ಪುತ್ರರನ್ನು ಕಳೆದುಕೊಂಡರು.

ಯುದ್ಧ ಹೂಡಿದ ದೇಶದಿಂದಲೇ ಇದಕ್ಕೊಂದು ಮರುದನಿ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಕವಿ, ಪುಸ್ತಕವ್ಯಾಪಾರಿ ಬೋ ಬೋಸೊಲೆ ಅವರು ಅಚ್ಚುಮೊಳೆಯ ಮುದ್ರಕರನ್ನು ಕೂಡಿಸಿ, ಸತ್ತವರ ಮತ್ತು ಗಾಯಗೊಂಡವರ ಲೆಕ್ಕಕ್ಕೆ ಸರಿಯಾಗಿ 130 ಒಂಟಿಹಾಳೆಯ ಮುದ್ರಣಗಳನ್ನು ಮಾಡಿಸಿದರು. 2010ರಲ್ಲಿ ಇಂಗ್ಲೆಂಡಿನ ಸಾರಾ ಬಾಡ್ಮನ್ ಅವರೊಡಗೂಡಿ ಕೈಯಿಂದ ಕಟ್ಟಿದ ಪುಸ್ತಕಗಳಿಗಾಗಿ ಕರೆಯಿತ್ತರು. ಹಲವು ದೇಶಗಳ ಕಲಾವಿದರು ಓಗೊಟ್ಟರು.

ಇಂತಹ ಕೃತಿಗಳನ್ನು ಕನಿಕರವೆಂಬ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಹಾಳೆಯ ಅಂಚನ್ನು ಸುಟ್ಟು ಸ್ಫೋಟವನ್ನು ನೆನಪಿಸುವುದು ಸುಲಭದ ದಾರಿ. ಬೆಂಕಿ ಮಾಡಿದ್ದನ್ನೇ ಕಿರಿದಾಗಿ ಮತ್ತೆ ಮಾಡಿ ತೋರಿಸಿದಂತೆ. ಹಾಳೆ ಮಡಿಸಿ, ದಾರ ಹೊಲಿದು, ಅಂಟು ಆರುವ ತನಕ ಕಾಯುವ ಕೈಯ ಕೆಲಸದಲ್ಲಿಯೇ ಶಾಂತಿಯ ಮಾತು ಅಡಗಿದೆ. ಕ್ಷಣದಲ್ಲಿ ಬೂದಿಯಾದುದಕ್ಕೆ ಆ ಕೈ ದಿನಗಟ್ಟಲೆಯ ತಾಳ್ಮೆಯಿಂದ ಉತ್ತರಿಸುತ್ತದೆ. ಅಲ್ಲಿಯವರೆಗೆ ನನ್ನ ಮೆಚ್ಚುಗೆಗೆ ಅಡ್ಡಿಯಿಲ್ಲ.

ಆದರೆ ಬೀದಿಯಲ್ಲಿ ಸುಟ್ಟುಹೋದವು ಯಾರು ಬೇಕಾದರೂ ಬಗ್ಗಿ ಎತ್ತಿಕೊಂಡು ತಿರುವಿಹಾಕಬಹುದಾಗಿದ್ದ ಅಗ್ಗದ ಪುಸ್ತಕಗಳು. ಅವುಗಳ ನೆನಪಿಗೆ ಹುಟ್ಟಿದ ಹೊತ್ತಗೆಗಳಿಗಾದರೋ ಬೆರಳೆಣಿಕೆಯ ಪ್ರತಿಗಳು. ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯ ವಾಸ. ತೆರೆದಿಟ್ಟ ಎರಡು ಪುಟಗಳಷ್ಟೇ ನೋಡುಗನ ಪಾಲಿಗೆ ದಕ್ಕುತ್ತವೆ. ನಮ್ಮಲ್ಲಿಯೂ ವಚನದ ಓಲೆಕಟ್ಟುಗಳು ಮನೆಮನೆಯ ಜಗುಲಿಯಲ್ಲಿ ವಿಭೂತಿ ಹಚ್ಚಿಸಿಕೊಂಡು ಓದುಗರಿಲ್ಲದೆ ಕುಳಿತಿದ್ದವು. ಫ. ಗು. ಹಳಕಟ್ಟಿಯವರು ಅವನ್ನು ಬಿಚ್ಚಿಸಿ, ಅಚ್ಚು ಹಾಕಿಸಿ ಜನರ ಕೈಗಿತ್ತ ಮೇಲೆಯೇ ಅವುಗಳಿಗೆ ಮರುಜೀವ ಬಂದದ್ದು. ಪೂಜೆಯೂ ಒಂದು ಬಗೆಯ ಗಾಜಿನ ಪೆಟ್ಟಿಗೆಯೇ ಎಂದರೆ ಭಕ್ತರು ಮುನಿಯಬಾರದು.

2003ರ ಏಪ್ರಿಲಿನಲ್ಲಿ ತಾನೇ ಬೆಂಕಿಗೆ ತುತ್ತಾಗಿದ್ದ ಇರಾಕಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಈ ಹೊತ್ತಗೆಗಳ ಒಂದು ಸಮುಚ್ಚಯವನ್ನು ಮೀಸಲಿಟ್ಟಿದ್ದಾರೆ. ಒಳ್ಳೆಯ ನಿರ್ಧಾರ. ಅಲ್ಲಿ ಅವು ಬೀಗದೊಳಗೆ ಉಳಿಯದೆ, ಆ ಬೀದಿಯ ಓದುಗನೊಬ್ಬನ ಬೆರಳಿನ ಜಿಡ್ಡು ಹತ್ತಿಸಿಕೊಳ್ಳಲಿ. ಬೀದಿಯಂತೂ 2008ರ ಡಿಸೆಂಬರಿನಲ್ಲಿಯೇ ಮತ್ತೆ ತೆರೆಯಿತು.